ಬೋರ್ಡು ಚಿಕ್ಕದಿದ್ದಷ್ಟೂ ಒಳ್ಳೆಯದು

ಬೆಂಗಳೂರಿನ ಶಂಕರಪುರದಲ್ಲಿ 1965ರಿಂದ ನಡೆಯುತ್ತಿರುವ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಹೆಸರಾಗಿರುವುದು ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಮತ್ತು ಕಾಫಿ. ಸಾಂಬಾರು ಕೇಳಿದರೆ ಇಲ್ಲ. ಚಟ್ನಿ ಮಾತ್ರ ಧಾರಾಳ. ಇಷ್ಟಕ್ಕೇ ಜನ ರಸ್ತೆ ಬದಿಯಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾರೆ. ಯಾವುದೇ ಊರಿನಲ್ಲಿ ಮನೆಯವರೇ ನಡೆಸುವ ಒಳ್ಳೆಯ ಹೋಟೆಲು ಹುಡುಕುವವರು ಮೊಬೈಲಿನಲ್ಲಿ ನಕ್ಷತ್ರ ಎಣಿಸುವ ಮೊದಲು ಬೋರ್ಡಿನ ಮೇಲಿನ ಸಾಲುಗಳನ್ನು ಎಣಿಸಬೇಕು ಎಂಬುದು ನನ್ನ ವಾದ.

ಇದಕ್ಕೆ ಕಾರಣ ಅಡುಗೆಮನೆಯಲ್ಲೇ ಇದೆ. ದೋಸೆಯ ಕಾವಲಿ ನೋಡಿ. ದಪ್ಪ ಕಬ್ಬಿಣದ ಹಾಸಿನ ಮೇಲೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಿಂದ ಗುಡಿಸಿ, ಕಾವು ಹದಕ್ಕಿಳಿದ ಮೇಲೆ ಹಿಟ್ಟು ಹುಯ್ಯುತ್ತಾರೆ. ಒಂದರ ಹಿಂದೊಂದು ದೋಸೆ ಬೀಳುತ್ತಿದ್ದರೆ ಈ ಹದ ಬೆಳಗಿನಿಂದ ಮಧ್ಯಾಹ್ನದವರೆಗೂ ಕೈತಪ್ಪುವುದಿಲ್ಲ. ಗಂಟೆಗೊಂದು ದೋಸೆ ಹುಯ್ಯುವ ಕಡೆ ಮೊದಲನೆಯದು ಸೀಯುತ್ತದೆ, ಎರಡನೆಯದು ಬಿಳಿಚಿಕೊಳ್ಳುತ್ತದೆ. ಉತ್ತರ ಕರ್ನಾಟಕದ ಖಾನಾವಳಿಯ ಲೆಕ್ಕವೂ ಇದೇ. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ಬಡಿಯುವಾಗಲೇ ರೊಟ್ಟಿಯ ಅಂಚು ಬಿರಿಯುತ್ತದೆ. ದಿನವೂ ರೊಟ್ಟಿ ಖರ್ಚಾಗುವ ಕಡೆ ಮಾತ್ರ ಹಿಟ್ಟು ಹೊಸದಾಗಿರುತ್ತದೆ. ರೊಟ್ಟಿ, ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿ ಇಷ್ಟನ್ನೇ ಮಾಡುವವರಿಗೆ ಎಷ್ಟು ಜನ ಬರುತ್ತಾರೆ, ಎಷ್ಟು ಬೇಕು ಎಂಬ ಅಂದಾಜು ಸರಿಯಾಗಿರುತ್ತದೆ. ಹಾಗಾಗಿ ‘ಮುಗೀತ್ರೀ’ ಎಂಬ ಉತ್ತರ ಬಂದರೆ ಬೇಸರಪಡಬೇಡಿ. ನಿನ್ನೆಯದನ್ನು ಬಿಸಿ ಮಾಡಿ ಬಡಿಸುವವರ ಬಾಯಲ್ಲಿ ಆ ಮಾತು ಬರುವುದು ಅಪರೂಪ.

ಮನೆಮಂದಿಯೆಲ್ಲ ಹೊರಟಾಗ ಅಜ್ಜಿಗೆ ಇಡ್ಲಿ, ಮಗನಿಗೆ ಗೋಬಿ ಮಂಚೂರಿ ಬೇಕಲ್ಲ ಎಂದು ಯಾರಾದರೂ ಕೇಳಬಹುದು. ಬೇಕು, ಅದಕ್ಕೆ ದೊಡ್ಡ ಮೆನುವಿನ ಹೋಟೆಲುಗಳಿವೆ. ಆದರೆ ಅದು ಅನುಕೂಲದ ಮಾತು, ರುಚಿಯದ್ದಲ್ಲ. ನೂರು ಬಗೆ ಕೊಡಬೇಕಾದವರು ಒಂದೇ ಗ್ರೇವಿಯನ್ನು ಹತ್ತು ಹೆಸರಿನಲ್ಲಿ ಬಡಿಸದೆ ವಿಧಿಯಿಲ್ಲ. ಹಳೆಯ ಹೆಸರಿದ್ದರೆ ಸಾಲದೇ ಎಂಬುದು ಇನ್ನೊಂದು ಪ್ರಶ್ನೆ. ಸಾಲದು. ಎಂಟಿಆರ್ ಎಂಬ ಮೂರಕ್ಷರದ ಪ್ಯಾಕೆಟ್ ವ್ಯವಹಾರ 2007ರಲ್ಲೇ ನಾರ್ವೆಯ ಓರ್ಕ್ಲಾ ಕಂಪನಿಗೆ ಹೋಯಿತು. 1924ರಲ್ಲಿ ಶುರುವಾದ ಹೋಟೆಲು ಮಾತ್ರ ಮಯ್ಯರ ಮನೆತನದಲ್ಲೇ ಉಳಿಯಿತು. ಹೆಸರು ಒಂದೇ, ಯಜಮಾನರು ಬೇರೆ. ಹಾಗೆಂದು ವಂಶವೇ ಮುಖ್ಯವೆಂದೂ ಅಲ್ಲ. ಗಾಂಧಿಬಜಾರಿನ ವಿದ್ಯಾರ್ಥಿ ಭವನವನ್ನು 1943ರಲ್ಲಿ ಆರಂಭಿಸಿದವರು ವೆಂಕಟರಮಣ ಉರಾಳರು, 1970ರಲ್ಲಿ ವಹಿಸಿಕೊಂಡವರು ರಾಮಕೃಷ್ಣ ಅಡಿಗರು. ಕುಟುಂಬ ಬದಲಾದರೂ ದೋಸೆಯ ಹೆಸರು ಕೆಡಲಿಲ್ಲ. ತಟ್ಟೆಯಲ್ಲಿ ಏನು ಉಳಿದು ವಾಪಸು ಬಂತೆಂದು ನೋಡುವ ಯಜಮಾನ ಗಲ್ಲಾದಲ್ಲಿರಬೇಕು, ಅವನು ಯಾರ ಮಗನಾದರೂ ಸರಿ. ಇನ್ನು ಶುಚಿತ್ವದ ಆಕ್ಷೇಪ ನ್ಯಾಯವಾದದ್ದೇ. ಗೋಡೆ ಹಳತಾಗಿರಬಹುದು, ಆದರೆ ಲೋಟದಲ್ಲಿ ಕೊಳೆ ಕಂಡರೆ ಎದ್ದು ಬನ್ನಿ.

ಬಾಯಿಗೆ ಹಿತವೆನಿಸುವ ಊಟ ಎಲ್ಲರಿಗೂ ಒಂದೇ ಅಲ್ಲ. ಮಂಡ್ಯದವರಿಗೆ ಮಿಲಿಟರಿ ಹೋಟೆಲಿನ ಮುದ್ದೆ–ಸಾರು, ಧಾರವಾಡದವರಿಗೆ ಖಾನಾವಳಿಯ ರೊಟ್ಟಿ, ಕುಂದಾಪುರದವರಿಗೆ ಕುಚ್ಚಲಕ್ಕಿ ಅನ್ನ–ಮೀನು ಸಾರು. ಹೊರಗಿನವರು ‘ಇಲ್ಲಿ ಒಳ್ಳೆ ಹೋಟೆಲ್ ಯಾವುದು?’ ಎಂದು ಕೇಳಿದರೆ ಊರವರು ಎ.ಸಿ. ಇರುವ ಕಡೆಗೆ ಕೈ ತೋರುತ್ತಾರೆ, ಅತಿಥಿಗೆ ಅದೇ ಗೌರವವೆಂದು. ‘ನೀವು ಎಲ್ಲಿ ಉಣ್ತೀರಿ?’ ಎಂದು ಕೇಳಿ. ಹೇಳಿದ ಜಾಗಕ್ಕೆ ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ. ಮೂರಕ್ಕೆ ಹೋಗಿ ಮುದ್ದೆ ಸಿಗಲಿಲ್ಲವೆಂದು ಹೋಟೆಲಿನವರನ್ನು ದೂರಬೇಡಿ.