ಜರ್ನೈಲ್ ಸಿಂಗ್: ಕಾಠಿಣ್ಯದ ಇನ್ನೊಂದು ಮುಖ

ಕಾಲ್ಚೆಂಡಾಟದಲ್ಲಿ ಗೋಲು ಹೊಡೆದವನ ಹೆಸರು ಊರೆಲ್ಲ ಹಬ್ಬುತ್ತದೆ. ಗೋಲನ್ನು ತಡೆದವನನ್ನು ನೆನೆಯುವವರು ವಿರಳ. ಈ ಮಾತಿಗೆ ಅಪವಾದವಾಗಿ ನಿಂತವರು ಪಂಜಾಬಿನ ಜರ್ನೈಲ್ ಸಿಂಗ್ ಧಿಲ್ಲೋನ್. 1936ರಲ್ಲಿ ಜನಿಸಿದ ಇವರು 1959ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡವನ್ನು ಸೇರಿ, ಸುಮಾರು ಒಂದು ದಶಕ ಕಾಲ ಅದರ ರಕ್ಷಣಪಂಕ್ತಿಯ ನಡುಗಂಬವಾಗಿದ್ದರು. ಮೈಗೆ ಮೈಯೊಡ್ಡಿ ಚೆಂಡನ್ನು ಕಸಿಯುವುದರಲ್ಲಿ ಅವರಿಗೆ ದಾಕ್ಷಿಣ್ಯವೆಂಬುದು ಇರಲಿಲ್ಲ. ಅವರತ್ತ ನುಗ್ಗುವ ಮುನ್ನ ಮುಂಚೂಣಿಯ ಆಟಗಾರರು ಎರಡು ಬಾರಿ ಯೋಚಿಸುತ್ತಿದ್ದರು.

ಆದರೆ ಕಾಠಿಣ್ಯವೆಂದರೆ ಪರರಿಗೆ ನೋವುಣಿಸುವ ಬಲವೊಂದೇ ಅಲ್ಲ. ತನ್ನ ನೋವನ್ನು ಬದಿಗಿರಿಸುವ ಬಲವೂ ಹೌದು. 1962ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಿ ಥಾಯ್ಲೆಂಡಿನ ಎದುರು ಆಡುವಾಗ ಜರ್ನೈಲರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಮುಂದಿನ ಪಂದ್ಯಕ್ಕೆ ಅವರು ಇಳಿಯಲಿಲ್ಲ. ತರಬೇತುದಾರ ಸೈಯದ್ ಅಬ್ದುಲ್ ರಹೀಮರು ಹೈದರಾಬಾದಿನ ಶಾಲಾ ಉಪಾಧ್ಯಾಯರಾಗಿದ್ದವರು. ಯಾರಿಂದ ಯಾವ ಕೆಲಸವಾದೀತೆಂಬುದನ್ನು ಬಲ್ಲವರು. ಅವರು ಈ ರಕ್ಷಕನನ್ನು ತಲೆಗೆ ಪಟ್ಟಿ ಕಟ್ಟಿದ ಸ್ಥಿತಿಯಲ್ಲೇ ಮುಂಚೂಣಿಯಲ್ಲಿ ನಿಲ್ಲಿಸಿದರು. ಜರ್ನೈಲರು ಉಪಾಂತ್ಯದಲ್ಲಿ ದಕ್ಷಿಣ ವಿಯೆಟ್ನಾಮಿನ ವಿರುದ್ಧ ಒಂದು ಗೋಲು ಹೊಡೆದರು. ಭಾರತ 3-2ರಿಂದ ಗೆದ್ದಿತು. ಅಂತಿಮ ಪಂದ್ಯದಲ್ಲಿ ಎದುರಾಳಿ ದಕ್ಷಿಣ ಕೊರಿಯ, ಮೊದಲ ಸುತ್ತಿನಲ್ಲಿ ನಮ್ಮನ್ನು 2-0ರಿಂದ ಮಣಿಸಿದ್ದ ತಂಡ. ನೆರೆದ ಜನಸ್ತೋಮವೂ ಭಾರತಕ್ಕೆ ಪ್ರತಿಕೂಲ. ಪಿ. ಕೆ. ಬ್ಯಾನರ್ಜಿ ಮೊದಲ ಗೋಲು ಹೊಡೆದರೆ, ಎರಡನೆಯದು ಜರ್ನೈಲರದು. 2-1ರಿಂದ ಚಿನ್ನ ಭಾರತದ ಪಾಲಾಯಿತು. ಮರುವರ್ಷವೇ ರಹೀಮರು ಕ್ಯಾನ್ಸರಿನಿಂದ ತೀರಿಕೊಂಡರು. ಆ ಚಿನ್ನ 2023ರ ಕ್ರೀಡೆಗಳವರೆಗೂ ನಮಗೆ ಮರಳಿ ದೊರೆತಿಲ್ಲ.

ಜರ್ನೈಲರಿಗೆ 1964ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು. ಮುಂದೆ ಅವರು ಭಾರತ ತಂಡದ ನಾಯಕರೂ ಆದರು. ಬಳಿಕ ತವರಿಗೆ ಮರಳಿ ಪಂಜಾಬ್ ತಂಡದ ಶಿಕ್ಷಣದ ಹೊಣೆ ಹೊತ್ತರು. 1970ರ ಸಂತೋಷ್ ಟ್ರೋಫಿಯನ್ನು ಅವರ ತಂಡ ಜಲಂಧರದಲ್ಲಿ ಗೆದ್ದದ್ದು ನಮ್ಮ ಮೈಸೂರು ತಂಡವನ್ನು ಸೋಲಿಸಿಯೇ. 1974ರ ಅಂತಿಮ ಪಂದ್ಯದಲ್ಲಿ ಬಂಗಾಳವನ್ನು ಅದು 6-0ರಿಂದ ಸದೆಬಡಿಯಿತು. ಜರ್ನೈಲರಿಗೆ ಹತ್ತು ವರ್ಷ ಅನ್ನವಿಟ್ಟದ್ದು ಆ ಬಂಗಾಳದ ನೆಲವೇ!

2000ದಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಅವರು ಕಾಲವಾದರು. ಒರಟು ಆಟಗಾರರು ಎಷ್ಟೋ ಮಂದಿ ಆಗಿಹೋಗಿದ್ದಾರೆ. ಅವರಲ್ಲಿ ಒಳ್ಳೆಯ ಗುರುಗಳಾದವರು ಕೆಲವರು ಮಾತ್ರ. ಗುರುವಿನ ಮಾತಿಗೆ ತನ್ನ ಜಾಗವನ್ನೇ ಬಿಟ್ಟುಕೊಡಬಲ್ಲವನಿಗೆ, ಮುಂದೆ ಗೆರೆಯಾಚೆ ನಿಂತು ಇತರರನ್ನು ಆಡಿಸುವುದೂ ಸಾಧ್ಯವಾಗುತ್ತದೆ.