ಆರೈಕೆಯ ಕಾಯಕ ಮತ್ತು ಅದರ ಫಲ

ಬಾಲ್ಯ, ಯೌವನ, ಮುಪ್ಪು ಇವು ದೇಹ ಧರಿಸಿ ಬಂದ ಪ್ರತಿಯೊಬ್ಬರಿಗೂ ಸಹಜವಾದ ಅವಸ್ಥೆಗಳು. ಬಾಲ್ಯಕ್ಕೆ ತಾಯಿಯ ಮಡಿಲು ಆಸರೆ. ಯೌವನಕ್ಕೆ ತನ್ನ ತೋಳಬಲವೇ ಆಸರೆ. ಮುಪ್ಪಿಗೆ ಮಾತ್ರ ಮತ್ತೊಬ್ಬರ ಕೈಯೇ ಆಸರೆ. ಹಿಂದೆ ಆ ಕೈ ಮಗನದೋ, ಸೊಸೆಯದೋ, ಮೊಮ್ಮಗಳದೋ ಆಗಿರುತ್ತಿತ್ತು. ಇಂದು ಅನೇಕ ಮನೆಗಳಲ್ಲಿ ಅದು ರಕ್ತಸಂಬಂಧವಿಲ್ಲದ, ಸಂಬಳಕ್ಕಾಗಿ ಬಂದು ಆ ಮನೆಯಲ್ಲಿಯೇ ಉಳಿದು ಹಗಲಿರುಳು ದುಡಿಯುವ ಒಬ್ಬ ಹೆಣ್ಣುಮಗಳ ಕೈಯಾಗಿದೆ. ಈ ಕಾಯಕದಿಂದ ದೊರೆಯುವ ಫಲವೇನು, ದೊರೆಯಬೇಕಾದ ಫಲವೇನು ಎಂಬುದನ್ನು ಸದ್ಭಕ್ತರು ಶಾಂತಚಿತ್ತದಿಂದ ಆಲೋಚಿಸಬೇಕು.

ಬೆಂಗಳೂರಿನ ಬಾಣಸವಾಡಿಯನ್ನೇ ನೋಡಿರಿ. ಒಂದು ಕಾಲಕ್ಕೆ ಹೊಲಗದ್ದೆಗಳ ನಡುವೆ ಇದ್ದ ಹಳ್ಳಿ ಅದು. ಹಳ್ಳಿಯ ಸುತ್ತ ಬಡಾವಣೆಗಳು ಎದ್ದವು. ದುಡಿದು ನಿವೇಶನ ಕೊಂಡು, ಮಹಡಿ ಮನೆ ಕಟ್ಟಿ, ಮಕ್ಕಳನ್ನು ಓದಿಸಿದ ದಂಪತಿಗಳು ಈಗ ವೃದ್ಧರಾಗಿದ್ದಾರೆ. ಮಕ್ಕಳು ದೂರದೇಶದಲ್ಲಿದ್ದಾರೆ. ಮನೆ ದೊಡ್ಡದು, ಮನೆಯೊಳಗಿನ ಧ್ವನಿ ಸಣ್ಣದು. ಇಂಥ ಮನೆಗಳಿಗೆ ನಮ್ಮ ನಾಡಿನ ಹಳ್ಳಿಗಳಿಂದಲೂ, ಒಡಿಶಾ, ಅಸ್ಸಾಂ ಮುಂತಾದ ದೂರದ ರಾಜ್ಯಗಳಿಂದಲೂ ಆರೈಕೆಯ ಕೆಲಸಕ್ಕೆ ಹೆಣ್ಣುಮಕ್ಕಳು ಬರುತ್ತಾರೆ. ಬಾಣಸವಾಡಿಯ ಸನಿಹದಲ್ಲಿಯೇ 2022ರಲ್ಲಿ ಸಂಚಾರಕ್ಕೆ ತೆರೆದ ಸರ್ ಎಂ. ವಿಶ್ವೇಶ್ವರಯ್ಯ ರೈಲು ಟರ್ಮಿನಲ್ಲಿನಲ್ಲಿ ಒಂದು ಚೀಲ, ಒಂದು ವಿಳಾಸದ ಚೀಟಿ ಹಿಡಿದು ಇಳಿಯುವವರಲ್ಲಿ ಇಂಥವರೂ ಇರುತ್ತಾರೆ. ತಮ್ಮ ತಾಯಿಯನ್ನು ಊರಲ್ಲಿ ಬಿಟ್ಟು, ಬೇರೊಬ್ಬರ ತಾಯಿಯನ್ನು ನೋಡಿಕೊಳ್ಳಲು ಬಂದವರು ಅವರು.

ಮರೆವಿನ ಕಾಯಿಲೆಯಂತೂ ಈ ಕಾಯಕವನ್ನು ಇನ್ನಷ್ಟು ಕಠಿಣಗೊಳಿಸಿದೆ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ವರ್ಷ ದಾಟಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. 1998ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸಂಸ್ಥೆಯು ಬಾಣಸವಾಡಿಗೆ ಹೊಂದಿದ ಕಸ್ತೂರಿನಗರದಲ್ಲಿ ಇಂಥವರಿಗಾಗಿಯೇ ಒಂದು ವಸತಿ ಕೇಂದ್ರವನ್ನು ನಡೆಸುತ್ತಿದೆ. ಆದರೆ ಕೇಂದ್ರಗಳು ಬೆರಳೆಣಿಕೆಯಷ್ಟು, ರೋಗಿಗಳು ಲಕ್ಷಗಟ್ಟಲೆ. ಬಹುಪಾಲು ಹಿರಿಯರು ಮನೆಯಲ್ಲಿಯೇ ಇರುತ್ತಾರೆ. ಅವರ ಜೊತೆಗೆ ಆ ಮನೆಯಲ್ಲಿಯೇ ಇರುವವಳೇ ಅವರಿಗೆ ವೈದ್ಯೆ, ದಾದಿ, ಮಗಳು, ಕೆಲವೊಮ್ಮೆ ತಾಯಿ.

ಏನು ಆ ಕೆಲಸ? ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. ನೇರವಾಗಿ ಕೂರಿಸಿ ತುತ್ತುತುತ್ತಾಗಿ ಉಣಿಸಬೇಕು. ಇಲ್ಲವಾದರೆ ಅನ್ನ ಶ್ವಾಸನಾಳಕ್ಕೆ ಇಳಿಯುತ್ತದೆ. ಮಲಮೂತ್ರವನ್ನು ಬಳಿದು ಶುಚಿ ಮಾಡಬೇಕು. ಮುಸ್ಸಂಜೆಯಾದೊಡನೆ ಮರೆವಿನ ರೋಗಿಗಳಲ್ಲಿ ಕಳವಳ ಹೆಚ್ಚುತ್ತದೆ. ತನ್ನ ಮನೆಯಲ್ಲಿಯೇ ಕುಳಿತು, ಮನೆಗೆ ಹೋಗಬೇಕೆಂದು ಹಟ ಹಿಡಿಯುತ್ತಾರೆ. ಒಂದೇ ಪ್ರಶ್ನೆಯನ್ನು ಇಪ್ಪತ್ತು ಸಲ ಕೇಳುತ್ತಾರೆ. ಇಪ್ಪತ್ತನೆಯ ಸಲವೂ ಮೊದಲ ಸಲದಂತೆಯೇ ಉತ್ತರಿಸುವುದು ಸಾಮಾನ್ಯ ಸಾಧನೆಯಲ್ಲ. ತಾಳ್ಮೆಯ ಮೇಲೆ ಉಪನ್ಯಾಸ ಮಾಡುವವರು ಬಹಳ. ತಾಳ್ಮೆಯನ್ನು ದಿನಕ್ಕೆ ಇಪ್ಪತ್ತು ಸಲ ಆಚರಿಸುವವರು ವಿರಳ.

ಇಷ್ಟು ಕಷ್ಟದ ಕೆಲಸದಲ್ಲಿ ಫಲವೆಲ್ಲಿದೆ? ಮೊದಲನೆಯ ಫಲವು ಕಣ್ಣಿಗೆ ಕಾಣುವಂಥದು. ತಿಂಗಳಿನಿಂದ ಹಾಸಿಗೆಯಲ್ಲಿರುವ ಅಜ್ಜನ ಬೆನ್ನಿನ ಮೇಲೆ ಒಂದು ಹುಣ್ಣೂ ಇಲ್ಲ ಎಂದಾದರೆ ಅದು ಅವಳ ಕೈಯ ಫಲ. ಊಟ ಒಲ್ಲದ ಅಜ್ಜಿ ಇಂದು ನಾಲ್ಕು ತುತ್ತು ಉಂಡಳು ಎಂದಾದರೆ ಅದು ಅವಳ ನುಡಿಯ ಫಲ. ಮಕ್ಕಳ ಹೆಸರು ಮರೆತ ಹಿರಿಯರು ಚಿಕ್ಕಂದಿನಲ್ಲಿ ಕಲಿತ ಹಾಡನ್ನು ಮರೆತಿರುವುದಿಲ್ಲ. ಆ ಹಾಡಿನ ಮೊದಲ ಸಾಲನ್ನು ಎತ್ತಿಕೊಟ್ಟಾಗ ಅವರು ಮುಂದುವರಿಸುವುದನ್ನು ಕೇಳುವ ಭಾಗ್ಯ ಸಮೀಪದಲ್ಲಿ ಇದ್ದವರಿಗೆ ಮಾತ್ರ ಲಭಿಸುತ್ತದೆ.

ಎರಡನೆಯ ಫಲ ಜ್ಞಾನ. ನಿನ್ನೆಯವರೆಗೆ ಸರಿಯಾಗಿ ಮಾತನಾಡುತ್ತಿದ್ದ ಹಿರಿಯರು ಇಂದು ಇದ್ದಕ್ಕಿದ್ದಂತೆ ತಡವರಿಸಿದರೆ, ಅದಕ್ಕೆ ಮುಪ್ಪೇ ಕಾರಣವೆಂದು ಬಿಡಲಾಗದು. ಮೂತ್ರದ ಸೋಂಕೂ ಕಾರಣವಾಗಿರಬಹುದು. ಈ ಬದಲಾವಣೆಯನ್ನು ಮೊದಲು ಗುರುತಿಸುವವಳು ಪಕ್ಕದಲ್ಲಿ ಮಲಗುವ ಆರೈಕೆಯವಳು. ಅವಳು ಸಮಯಕ್ಕೆ ಹೇಳಿದ್ದರಿಂದ ಉಳಿದ ಜೀವಗಳು ಎಷ್ಟೋ. ಇದು ಪುಸ್ತಕದಿಂದಷ್ಟೇ ಬರುವ ವಿದ್ಯೆಯಲ್ಲ, ಕೈಯಿಂದ ಬರುವ ವಿದ್ಯೆ. ಕಲಿತವಳನ್ನು ಯಾವ ಊರಿನಲ್ಲಿಯೂ ಕೈಬಿಡದ ವಿದ್ಯೆ.

ಮೂರನೆಯ ಫಲ ಅಂತರಂಗದ್ದು. ಮನೆಯಲ್ಲೇ ಉಳಿದು ಆರೈಕೆ ಮಾಡುವ ತಾಯಂದಿರು ಕೇಳುವುದುಂಟು: "ಬುದ್ಧೀ, ಬೆಳಗಿನ ಹೊತ್ತು ಪೂಜೆಗೆ ಕೂರುತ್ತೇನೆ, ಅಷ್ಟರಲ್ಲಿ ಅವರು ಕೂಗುತ್ತಾರೆ. ಅರ್ಧಕ್ಕೇ ಏಳಬೇಕಾಗುತ್ತದೆ. ದೋಷವೇನಾದರೂ ಉಂಟೇ?" ಅವರಿಗೆ ನಾವು ನುಲಿಯ ಚಂದಯ್ಯನ ಕಥೆಯನ್ನು ನೆನಪಿಸುತ್ತೇವೆ. ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಿಂದ ದಾಸೋಹ ನಡೆಸುತ್ತಿದ್ದ ಶರಣ ಆತ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿದ್ದರೂ ಆತ ಕಾಯಕವನ್ನು ನಿಲ್ಲಿಸಲಿಲ್ಲ. ಲಿಂಗವೇ ಆತನನ್ನು ಹಿಂಬಾಲಿಸಿ ಬಂದಿತೆಂದು ಪರಂಪರೆ ಹೇಳುತ್ತದೆ. ಇದು ಪೂಜೆಯನ್ನು ಕಡೆಗಣಿಸುವ ಕಥೆಯಲ್ಲ. ನೊಂದವರ ಕೂಗಿಗೆ ಎದ್ದು ಹೋದವರ ಪೂಜೆ ಅರ್ಧಕ್ಕೆ ನಿಲ್ಲುವುದಿಲ್ಲ, ಬೇರೊಂದು ಕೋಣೆಯಲ್ಲಿ ಮುಂದುವರಿಯುತ್ತದೆ ಎಂಬುದೇ ಇದರ ತಾತ್ಪರ್ಯ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ ಮನೆಯೊಡೆಯರಿಗೆ ಸಂತೋಷವಾಗಿರಬಹುದು. ಈಗ ಅವರಿಗೆ ಹೇಳಬೇಕಾದ ಮಾತೊಂದಿದೆ. ಆರೈಕೆ ಪುಣ್ಯದ ಕೆಲಸವೆಂದು ಹೊಗಳಿ ಸಂಬಳದಲ್ಲಿ ಕಡಿತ ಮಾಡುವುದು ದೊಡ್ಡ ಅಧರ್ಮ. "ನಮ್ಮ ಮನೆಯ ಮಗಳಂತೆ ನೋಡಿಕೊಳ್ಳುತ್ತೇವೆ" ಎನ್ನುವರು. ಮಗಳಿಗೆ ವಾರಕ್ಕೊಂದು ಬಿಡುವು ಕೊಡರು. "ಊಟ, ವಸತಿ ಎಲ್ಲ ನಮ್ಮದೇ" ಎನ್ನುವರು; ಮಲಗಲು ಅಡುಗೆಮನೆಯ ನೆಲ ತೋರಿಸುವರು. ರಾತ್ರಿ ನಾಲ್ಕು ಸಲ ಎಬ್ಬಿಸಿ, ಬೆಳಗ್ಗೆ ಐದಕ್ಕೆ ಕಾಫಿ ಕೇಳುವರು. ನಿದ್ರೆಯಿಲ್ಲದ ಕೈ ನಡುಗುತ್ತದೆ. ನಡುಗುವ ಕೈಯಿಂದ ನಿಮ್ಮ ತಾಯಿ ಜಾರಿ ಬಿದ್ದರೆ ತಪ್ಪು ಯಾರದು? ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯುಂಟು. ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ ಆಗಬಾರದು.

ಆಯ್ದಕ್ಕಿ ಮಾರಯ್ಯನು ದಿನದ ಮಿತಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ಸದ್ಭಕ್ತರು ಬಲ್ಲರು. ಸಲ್ಲದ ಹೆಚ್ಚನ್ನು ಒಲ್ಲೆನೆನ್ನುವುದು ದುಡಿಯುವವರ ಧರ್ಮ. ಸಲ್ಲಬೇಕಾದುದರಲ್ಲಿ ಒಂದು ಕಾಳೂ ಕಡಿಮೆ ಕೊಡೆನೆನ್ನುವುದು ಮನೆಯೊಡೆಯರ ಧರ್ಮ. ಎರಡೂ ಸೇರಿದಾಗಲೇ ಕಾಯಕಕ್ಕೆ ದಾಸೋಹದ ಜೊತೆ ದೊರೆಯುತ್ತದೆ.

ಲೋಕವ್ಯವಹಾರವೂ ಈ ಮಾತನ್ನೇ ಹೇಳುತ್ತದೆ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಕರ್ನಾಟಕ ಸರ್ಕಾರ 2004ರಲ್ಲಿಯೇ ಗೊತ್ತುಪಡಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2011ರಲ್ಲಿ ಅಂಗೀಕರಿಸಿದ ಒಪ್ಪಂದದ ಪ್ರಕಾರ ಮನೆಗೆಲಸದವರಿಗೆ ವಾರಕ್ಕೆ ಕನಿಷ್ಠ 24 ಗಂಟೆಗಳ ಅಖಂಡ ವಿಶ್ರಾಂತಿ ಸಲ್ಲಬೇಕು. ಮನೆಯಲ್ಲೇ ಉಳಿದು ದುಡಿಯುವವರು ಆ ಬಿಡುವಿನ ಹೊತ್ತಿನಲ್ಲಿಯೂ ಅಲ್ಲಿಯೇ ಇರಬೇಕೆಂಬ ಬಲವಂತ ಕೂಡದು. ಭಾರತವು ಈ ಒಪ್ಪಂದವನ್ನು ಇನ್ನೂ ಸ್ಥಿರೀಕರಿಸಿಲ್ಲ. ಆದರೆ ಒಳ್ಳೆಯದನ್ನು ಮಾಡಲು ಗೃಹಸ್ಥನು ಸರ್ಕಾರದ ಸಹಿಗಾಗಿ ಕಾಯಬೇಕಾಗಿಲ್ಲ. ಸಂಬಳವನ್ನು ತಿಂಗಳ ಮೊದಲ ವಾರದಲ್ಲಿಯೇ ಅವಳ ಹೆಸರಿನ ಬ್ಯಾಂಕ್ ಖಾತೆಗೆ ಹಾಕಿರಿ. ಬಾಗಿಲಿರುವ ಒಂದು ಕೋಣೆ, ಬೆಚ್ಚನೆಯ ಹಾಸಿಗೆ ಕೊಡಿರಿ. ವಾರಕ್ಕೊಂದು ದಿನ ನೀವೇ ನಿಮ್ಮ ತಂದೆಯ ಬಳಿ ಕೂರಿರಿ; ಆಗ ಆ ಕೆಲಸದ ಭಾರವೂ ತಿಳಿಯುತ್ತದೆ, ಬೆಲೆಯೂ ತಿಳಿಯುತ್ತದೆ. 18ರಿಂದ 40 ವರ್ಷದೊಳಗಿನವರು 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಗೆ ಸೇರಿದರೆ, ಕಟ್ಟಿದ ಕಂತಿಗೆ ಅನುಗುಣವಾಗಿ 60ನೆಯ ವಯಸ್ಸಿನಿಂದ ತಿಂಗಳಿಗೆ 1000 ರೂಪಾಯಿಯಿಂದ 5000 ರೂಪಾಯಿವರೆಗೆ ಪಿಂಚಣಿ ದೊರೆಯುತ್ತದೆ. ಆ ಕಂತನ್ನು ನೀವೇ ಕಟ್ಟಿರಿ. ನಿಮ್ಮ ಹಿರಿಯರ ಮುಪ್ಪನ್ನು ಕಾಯ್ದವಳ ಮುಪ್ಪಿಗೆ ಅದು ಸ್ವಲ್ಪವಾದರೂ ಆಸರೆಯಾದೀತು.

ಆರೈಕೆಯ ಕಾಯಕದಲ್ಲಿರುವ ತಾಯಂದಿರಿಗೂ ಎರಡು ಮಾತು. ನಿಮ್ಮ ಕೆಲಸ ಕೀಳೆಂದು ಯಾರು ಹೇಳಿದರೂ ನಂಬಬೇಡಿರಿ. ಸಂಬಳ ಕೇಳಿದರೆ ಸೇವೆಯ ಪುಣ್ಯ ಕಳೆಯುತ್ತದೆಂಬ ಮಾತನ್ನೂ ನಂಬಬೇಡಿರಿ. ಕಾಯಕದ ಅನ್ನ ಪವಿತ್ರವಾದುದು. ನೀವು ನೋಡಿಕೊಂಡ ಜೀವ ಒಂದು ದಿನ ಹೊರಟು ಹೋದಾಗ ನಿಮಗೂ ಶೋಕವಾಗುತ್ತದೆ. ಮನೆಯವರು ಅಳುವಾಗ ನೀವು ಹಿತ್ತಿಲಲ್ಲಿ ನಿಂತು ಕಣ್ಣೊರಸಿಕೊಳ್ಳಬೇಕಾಗಿಲ್ಲ. ಹೆತ್ತ ಮಕ್ಕಳಿಗೆ ಸಿಗದ ಕೊನೆಯ ಗುಟುಕು ನೀರು ಕೊಡುವ ಅವಕಾಶ ನಿಮಗೆ ಸಿಕ್ಕಿತ್ತು. ಮನೆಯವರು ಅಂದು ನಿಮ್ಮನ್ನು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಮರುದಿನವೇ ಗಂಟುಮೂಟೆ ಕಟ್ಟೆಂದು ಹೇಳದಿರಲಿ.

ಮುಪ್ಪು ಎಲ್ಲರ ಬಾಗಿಲಿಗೂ ಬರುತ್ತದೆ. ಅಂದು ನಮ್ಮನ್ನು ಹಿಡಿದೆತ್ತುವ ಕೈ ಯಾವುದೆಂದು ಇಂದು ಯಾರಿಗೂ ತಿಳಿಯದು. ಆದುದರಿಂದ ಅಂಥ ಪ್ರತಿಯೊಂದು ಕೈಗೂ ಸಲ್ಲಬೇಕಾದ ಗೌರವ, ವಿಶ್ರಾಂತಿ ಮತ್ತು ವೇತನ ಸಕಾಲದಲ್ಲಿ ಸಲ್ಲಲಿ. ಕೊಡುವ ಬುದ್ಧಿಯನ್ನು ಮನೆಯೊಡೆಯರಿಗೂ, ದುಡಿಯುವ ಬಲವನ್ನು ಆರೈಕೆಯವರಿಗೂ ಶಿವನು ಕರುಣಿಸಲಿ. ಸರ್ವರಿಗೂ ಸನ್ಮಂಗಳವಾಗಲಿ.