ಆನ್‌ಲೈನ್ ಮಾರಾಟದ ಹಣ ಬಾರದಿದ್ದರೆ ಬೆಳೆಗಾರರು ಏನು ಮಾಡಬೇಕು?

ಧಾರವಾಡ ಜಿಲ್ಲೆ ನವಲಗುಂದ ತಾಲ್ಲೂಕಿನ ತಿರ್ಲಾಪುರ ಎರೆಭೂಮಿಯ ಊರು. ಆ ಭಾಗದ ಹೊಲಗಳಲ್ಲಿ ಹೆಸರು, ಕಡಲೆ, ಹತ್ತಿ, ಈರುಳ್ಳಿ, ಒಣಮೆಣಸಿನಕಾಯಿ ಬೆಳೆಯುತ್ತವೆ. ಅದು ಕಾಫಿ, ಅಡಿಕೆಯ ಸೀಮೆಯಲ್ಲ. ಆದರೂ ಮೆಣಸಿನಕಾಯಿ ಬೆಳೆದ ಅಲ್ಲಿನ ರೈತರಿಗೂ, ಅಡಿಕೆ, ಕಾಳುಮೆಣಸು, ಕಾಫಿ ಬೆಳೆದ ನಮ್ಮ ಸದಸ್ಯರಿಗೂ ಇಂದು ಒಂದೇ ಪ್ರಶ್ನೆ ಎದುರಾಗಿದೆ. ಮೊಬೈಲಿನಲ್ಲಿ ಮಾತು ಮುಗಿದು, ಮಾಲು ಲಾರಿ ಹತ್ತಿ ಹೋದ ಮೇಲೆ ಹಣ ಬಾರದಿದ್ದರೆ ಯಾರನ್ನು ಕೇಳಬೇಕು? ವರ್ಷದ ದುಡಿಮೆಯೆಲ್ಲ ಒಂದೇ ಲೋಡಿನಲ್ಲಿರುವ ಸಣ್ಣ ಹಿಡುವಳಿದಾರರಿಗೆ ಇದು ಸಂಸಾರದ ಪ್ರಶ್ನೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಸಬಯಸುತ್ತೇವೆ.

ಎರಡು ಬಗೆಯ ಮಾರಾಟ

ತಿರ್ಲಾಪುರದ ಕಡೆಯ ರೈತರು ಮಾಲನ್ನು ಹುಬ್ಬಳ್ಳಿಯ ಅಮರಗೋಳ ಪ್ರಾಂಗಣಕ್ಕೆ ಒಯ್ದರೆ ಅಲ್ಲಿಯೂ ಈಗ ಗಣಕಯಂತ್ರದ ವ್ಯವಹಾರವೇ. ನಮ್ಮ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಪ್ರಾರಂಭವಾಯಿತು. ಇಡೀ ದೇಶಕ್ಕೆ ಅನ್ವಯಿಸುವ ಇ-ನಾಮ್ 2016ರ ಏಪ್ರಿಲ್ 14ರಂದು ಬಂದಿತು. ಮಾಲಿಗೆ ಲಾಟ್ ನಂಬರ್ ಬೀಳುತ್ತದೆ, ವ್ಯಾಪಾರಸ್ಥರು ಇ-ಟೆಂಡರಿನಲ್ಲಿ ದರ ನಮೂದಿಸುತ್ತಾರೆ. ದರ ಒಪ್ಪಿಗೆಯಾಗದಿದ್ದರೆ ಮಾರುವುದಿಲ್ಲವೆನ್ನುವ ಹಕ್ಕು ರೈತರಿಗುಂಟು. ಒಪ್ಪಿದರೆ ತೂಕವಾಗಿ ಬಿಲ್ಲು ಬರುತ್ತದೆ. ಖರೀದಿ ಮಾಡುವವರಿಗೆ ಲೈಸೆನ್ಸ್ ಇರುತ್ತದೆ. ಹಣ ತಡವಾದರೆ ಲಾಟ್ ನಂಬರ್, ತೂಕದ ಚೀಟಿ, ಬಿಲ್ಲುಗಳೊಂದಿಗೆ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಗಳಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬಹುದು.

ಫೋನಿನಲ್ಲಿ ನೇರವಾಗಿ ಮಾರಿದಾಗ ಈ ಆಸರೆಗಳಾವುವೂ ಇರುವುದಿಲ್ಲ. ಲೈಸೆನ್ಸ್ ನೋಡಿದವರಿಲ್ಲ, ತೂಕಕ್ಕೆ ಸಾಕ್ಷಿ ಇಲ್ಲ, ಕಾರ್ಯದರ್ಶಿಯೂ ಇಲ್ಲ. ಪ್ರಾಂಗಣದಲ್ಲಿ ಸಮಿತಿ ಇಡುತ್ತಿದ್ದ ದಾಖಲೆಯನ್ನು ಇಲ್ಲಿ ಬೆಳೆಗಾರರೇ ಇಟ್ಟುಕೊಳ್ಳಬೇಕು. ತಕರಾರು ಹುಟ್ಟುವುದು ಮಾಲು ಹೋದ ಮೇಲಾದರೂ, ಅದನ್ನು ಗೆಲ್ಲುವ ಕಾಗದ ಮಾಲು ಹೋಗುವ ಮೊದಲೇ ಸಿದ್ಧವಾಗಿರಬೇಕೆಂಬುದನ್ನು ಎಲ್ಲರೂ ಮನಗಾಣುವುದು ಅಗತ್ಯ.

ಮಾಲು ರವಾನಿಸುವ ಮೊದಲು

1. ಮಾಲಿನ ಜಾತಿ, ತೇವಾಂಶ, ಚೀಲಗಳ ಸಂಖ್ಯೆ, ತೂಕ, ದರ, ಲಾರಿ ಬಾಡಿಗೆ ಯಾರದು, ಹಣ ಯಾವ ದಿನ ಎಂಬುದನ್ನು ಬರೆದು ಕಳಿಸಿ, ಖರೀದಿದಾರರಿಂದ ಒಪ್ಪಿಗೆಯ ಉತ್ತರ ತರಿಸಿಕೊಳ್ಳಬೇಕು. ‘ಅಡಿಕೆ’ ಎಂದಷ್ಟೇ ಬರೆದರೆ ಸಾಲದು. ರಾಶಿಯೋ ಚಾಲಿಯೋ ಹೇಳಬೇಕು. ‘ಮೆಣಸಿನಕಾಯಿ’ ಎಂದರೆ ಸಾಲದು. ಡಬ್ಬಿಯೋ ಕಡ್ಡಿಯೋ ಹೇಳಬೇಕು.

2. ಲೋಡು ತುಂಬುವಾಗ ಹಲವು ಚೀಲಗಳಿಂದ ತೆಗೆದ ಮಾದರಿಯನ್ನು ಎರಡು ಪೊಟ್ಟಣ ಮಾಡಿ ಮೊಹರು ಹಾಕಿ, ಒಂದನ್ನು ಮಾಲಿನೊಂದಿಗೆ ಕಳಿಸಿ ಇನ್ನೊಂದನ್ನು ಇಟ್ಟುಕೊಳ್ಳಬೇಕು. ‘ತೇವಾಂಶ ಹೆಚ್ಚು, ಬಣ್ಣ ಕಡಿಮೆ’ ಎಂದು ದರ ಕತ್ತರಿಸುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

3. ತೂಕದ ಚೀಟಿ, ಬಿಲ್ಲು, ಲಾರಿ ರಸೀದಿಗಳ ಪ್ರತಿ ತೆಗೆದಿಡಬೇಕು.

4. ಹಣ ಬಂದಿತೇ ಎಂಬುದನ್ನು ಬ್ಯಾಂಕ್ ಖಾತೆಯಲ್ಲೇ ನೋಡಬೇಕು. ಖರೀದಿದಾರರು ಕಳಿಸಿದ ಚಿತ್ರವನ್ನಾಗಲಿ ಸಂದೇಶವನ್ನಾಗಲಿ ನಂಬಿ ಮಾಲು ಬಿಡಬಾರದು. ಸರಕು ಮಾರಾಟ ಕಾಯಿದೆ, 1930ರ ಪ್ರಕಾರ, ಉದ್ರಿಯ ಮಾತು ಆಗಿರದಿದ್ದರೆ, ಹಣ ಪೂರ್ತಿ ಬರುವವರೆಗೆ ತನ್ನ ಸ್ವಾಧೀನದಲ್ಲಿರುವ ಮಾಲನ್ನು ತಡೆಹಿಡಿಯುವ ಹಕ್ಕು ಮಾರಾಟಗಾರರಿಗಿದೆ. ಮಾಲನ್ನು ಖರೀದಿದಾರರ ಕೈಗೆ ಒಪ್ಪಿಸಿದ ಮೇಲೆ ಈ ಹಕ್ಕು ಹೋಗುತ್ತದೆ.

ತಕರಾರು ಬಂದಾಗ

ಹಣ ಬರಲಿಲ್ಲವೆಂಬುದು ಒಂದೇ ಮಾತಾದರೂ ಅದಕ್ಕೆ ಕಾರಣಗಳು ಬೇರೆ ಬೇರೆ, ಹಿಡಿಯಬೇಕಾದ ದಾರಿಗಳೂ ಬೇರೆ. ಪ್ರತಿ ದಾರಿಗೂ ಅದರದೇ ಆದ ಕಾಲಮಿತಿ ಇದೆ.

ಮೊದಲನೆಯದು ಮೋಸ. ಖರೀದಿದಾರನಂತೆ ಮಾತನಾಡಿದವನು ‘ಹಣ ಜಮೆಯಾಗಲು ಪಿನ್ ಒತ್ತಿರಿ’ ಎನ್ನುತ್ತಾನೆ. ಇಲ್ಲವೆ ‘ತಪ್ಪಿ ಹೆಚ್ಚು ಹಣ ಹಾಕಿದ್ದೇನೆ, ಉಳಿದದ್ದನ್ನು ಮರಳಿಸಿ’ ಎನ್ನುತ್ತಾನೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗಿಯೇ ಇಲ್ಲ. ಪಿನ್ ಒತ್ತಿದರೆ ಹಣ ನಮ್ಮ ಖಾತೆಯಿಂದ ಹೊರಗೆ ಹೋಗುತ್ತದೆ. ಹಾಗಾದಲ್ಲಿ ತಡಮಾಡದೆ 1930 ನಂಬರಿಗೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಕಳ್ಳನ ಖಾತೆಯಿಂದ ಹಣ ಮುಂದೆ ಸಾಗುವ ಮೊದಲು ತಡೆಯಬೇಕಾದ್ದರಿಂದ ಇಲ್ಲಿ ಗಂಟೆಗಳ ಲೆಕ್ಕ. ‘ನಾಳೆ ಪೇಟೆಗೆ ಹೋದಾಗ ನೋಡೋಣ’ ಎಂದರೆ ಕೆಲಸ ಕೆಟ್ಟಂತೆಯೇ.

ಎರಡನೆಯದು ಪಾವತಿಯ ದಾರಿಯಲ್ಲಿನ ತೊಡಕು. ‘ನನ್ನ ಖಾತೆಯಲ್ಲಿ ಹಣ ಕಡಿತವಾಗಿದೆ’ ಎಂದು ಖರೀದಿದಾರರು ಹೇಳಿದರೆ ವ್ಯವಹಾರದ ಉಲ್ಲೇಖ ಸಂಖ್ಯೆ ಕೇಳಬೇಕು. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿಯಮದಂತೆ, ಯುಪಿಐಯಲ್ಲಿ ಕಡಿತವಾಗಿಯೂ ಜಮೆಯಾಗದ ಹಣ, ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ, ವ್ಯಾಪಾರಿ ಖಾತೆಗೆ ಕಳಿಸಿದ್ದಾದರೆ 5 ದಿನದೊಳಗೆ ಇತ್ಯರ್ಥವಾಗಬೇಕು. ತಪ್ಪಿದರೆ ದಿನಕ್ಕೆ 100 ರೂ. ಪರಿಹಾರ. ಆದ್ದರಿಂದ ಈ ಸಬೂಬು ವಾರಗಟ್ಟಲೆ ನಡೆಯುವಂಥದಲ್ಲ. ನಮ್ಮದೇ ಬ್ಯಾಂಕಿನಲ್ಲಿ ಲೋಪವಿದ್ದರೆ ಲಿಖಿತ ದೂರು ಕೊಟ್ಟು, 30 ದಿನಗಳಲ್ಲಿ ಉತ್ತರ ಬಾರದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ರಿಗೆ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ.

ಕಾಫಿಪುಡಿ, ಮಸಾಲೆ ಪೊಟ್ಟಣಗಳನ್ನು ಕಾರ್ಡ್ ಪಾವತಿಯ ಮೇಲೆ ಮಾರುವವರಿಗೆ ಇನ್ನೊಂದು ಎಚ್ಚರಿಕೆ. ಗ್ರಾಹಕರು ‘ಮಾಲು ತಲುಪಲಿಲ್ಲ’ ಎಂದು ತಮ್ಮ ಬ್ಯಾಂಕಿಗೆ ದೂರಿದರೆ, ಜಮೆಯಾಗಿದ್ದ ಹಣವನ್ನೂ ಹಿಂದಕ್ಕೆ ಎಳೆಯುವ ಪದ್ಧತಿ ಇದೆ. ಆಗ ಉತ್ತರ ಕೊಡಲು ಕೆಲವೇ ದಿನಗಳ ಗಡುವು ಕೊಡುತ್ತಾರೆ. ಕೊರಿಯರ್ ರಸೀದಿ, ತಲುಪಿದ ದಾಖಲೆ, ಪ್ಯಾಕಿಂಗಿನ ಫೋಟೋಗಳನ್ನು ಆ ಗಡುವಿನೊಳಗೆ ಕಳಿಸದಿದ್ದರೆ ತಕರಾರು ಗ್ರಾಹಕರ ಪರವಾಗಿ ಮುಗಿಯುತ್ತದೆ.

ಮೂರನೆಯದು ಬಾಕಿ. ಮಾಲು ತಲುಪಿದ್ದನ್ನು ಒಪ್ಪಿಯೂ ಹಣ ಕೊಡದಿರುವುದು ಅಥವಾ ಕಡಿಮೆ ಕೊಡುವುದು. ಒಂದು ಲೆಕ್ಕ ನೋಡೋಣ. ಕ್ವಿಂಟಲಿಗೆ 20,000 ರೂ. ದರದಲ್ಲಿ 10 ಕ್ವಿಂಟಲ್ ಮಾರಿದರೆ 2,00,000 ರೂ. ಆಯಿತು. ಖರೀದಿದಾರರು 1,40,000 ರೂ. ಹಾಕಿ ‘ಮಾಲು ಸರಿಯಿಲ್ಲ, ಲೆಕ್ಕ ಚುಕ್ತಾ’ ಎಂದು ಬರೆದರೆ ಸುಮ್ಮನಿರಬಾರದು. ‘1,40,000 ರೂ. ಭಾಗಶಃ ಬಂದಿದೆ, 60,000 ರೂ. ಬಾಕಿ ಇದೆ, ಮೊಹರು ಹಾಕಿದ ಮಾದರಿ ನಮ್ಮಲ್ಲಿದೆ’ ಎಂದು ಅಂದೇ ಉತ್ತರಿಸಬೇಕು. ಮೌನವನ್ನು ಒಪ್ಪಿಗೆಯೆಂದು ವಾದಿಸುವವರಿದ್ದಾರೆ.

ನಂತರ ಸ್ಪೀಡ್ ಪೋಸ್ಟಿನಲ್ಲಿ ನೋಟೀಸು ಕಳಿಸಬೇಕು. ಉದ್ರಿಯ ವಾಯಿದೆ ಗೊತ್ತುಮಾಡದೆ ಮಾರಿದ ಮಾಲಿನ ಬೆಲೆಗೆ, ಮಾಲು ಒಪ್ಪಿಸಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕೆಂದು ಕಾಲಮಿತಿ ಕಾಯಿದೆ, 1963 ಹೇಳುತ್ತದೆ. ಅಷ್ಟರೊಳಗೆ ‘ಇಷ್ಟು ಬಾಕಿ ಇದೆ’ ಎಂದು ಖರೀದಿದಾರರು ಬರೆದು ಸಹಿ ಹಾಕಿಕೊಟ್ಟರೆ ಆ ದಿನದಿಂದ ಅವಧಿ ಹೊಸದಾಗಿ ಪ್ರಾರಂಭವಾಗುತ್ತದೆ. ಚೆಕ್ ಕೊಟ್ಟು ಅದು ವಾಪಸಾದರೆ ಮಾತ್ರ ಗಡುವು ಚಿಕ್ಕದು: ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟೀಸು, ಅದು ತಲುಪಿದ ಮೇಲೆ ಅವರಿಗೆ 15 ದಿನ, ಆಗಲೂ ಕೊಡದಿದ್ದರೆ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು.

ವಕೀಲರ ವೆಚ್ಚಕ್ಕೆ ಅಂಜಿ ಕೈಬಿಡಬೇಕಾಗಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ, ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿನಲ್ಲಿ ರಾಜಿಗೆ ಪ್ರಯತ್ನಿಸಬಹುದು. ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲು ಇಲ್ಲ. ಆದರೆ ರಾಜಿಗೆ ಎರಡೂ ಕಡೆಯವರು ಒಪ್ಪಬೇಕು.

ಪೊಲೀಸರಿಗೆ ದೂರು ಕೊಟ್ಟರೆ ಬಾಕಿ ವಸೂಲಾಗುವುದೆಂಬ ಭಾವನೆ ಹಲವರಲ್ಲಿದೆ. ಮೊದಲಿನಿಂದಲೇ ವಂಚಿಸುವ ಉದ್ದೇಶವಿದ್ದರೆ ಅದು ಅಪರಾಧ. ಕೊಡಬೇಕಾದ ಹಣವನ್ನು ಕೊಡದಿರುವುದಷ್ಟೇ ಸಿವಿಲ್ ವ್ಯಾಜ್ಯ.

ಮೊಬೈಲಿನ ಸಂದೇಶವೂ ಸಾಕ್ಷ್ಯ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಡಿ ವಾಟ್ಸ್‌ಆ್ಯಪ್ ಸಂದೇಶ, ಫೋಟೋಗಳನ್ನು ನಿಗದಿತ ಪ್ರಮಾಣಪತ್ರದೊಂದಿಗೆ ಸಾಕ್ಷ್ಯವಾಗಿ ಹಾಜರುಪಡಿಸಬಹುದು. ಆದ್ದರಿಂದ ವ್ಯವಹಾರ ಮುಗಿಯುವವರೆಗೆ ಯಾವುದನ್ನೂ ಅಳಿಸಬಾರದು, ಆ ಫೋನನ್ನು ಮಾರಲೂ ಬಾರದು. ಫೋನಿನಲ್ಲಿ ಬಾಯಿಮಾತಿನಲ್ಲಿ ಆದದ್ದನ್ನು ‘ಈಗ ಮಾತನಾಡಿದಂತೆ’ ಎಂದು ಕೂಡಲೇ ಸಂದೇಶವಾಗಿ ಬರೆದು ಕಳಿಸುವುದು ಒಳ್ಳೆಯ ರೂಢಿ.

ಹೊಸ ಖರೀದಿದಾರರಿಗೆ ಮೊದಲ ಸಲ ಪೂರ್ತಿ ಲೋಡು ಕಳಿಸದೆ ಕೆಲವೇ ಚೀಲ ಕಳಿಸಿ, ಹಣ ಕೈಸೇರಿದ ಮೇಲೆ ಮುಂದಿನದನ್ನು ಯೋಚಿಸುವುದು ಕ್ಷೇಮ. ಮನೆಯಲ್ಲಿ ಮೊಬೈಲ್ ವ್ಯವಹಾರ ನೋಡಿಕೊಳ್ಳುವ ಮಕ್ಕಳಿಗೂ ಈ ವಿಷಯಗಳನ್ನು ಓದಿ ಹೇಳಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿಸುತ್ತೇವೆ. ಈ ಸುಗ್ಗಿಯಿಂದಲೇ ಪ್ರತಿ ಲೋಡಿಗೆ ಒಂದು ಲಕೋಟೆ ಇಟ್ಟು, ಒಪ್ಪಿಗೆಯ ಪ್ರತಿ, ತೂಕದ ಚೀಟಿ, ಬಿಲ್ಲು, ಲಾರಿ ರಸೀದಿಗಳನ್ನು ಅದರೊಳಗೆ ಹಾಕಿಡುವ ಕ್ರಮವನ್ನು ಎಲ್ಲರೂ ಪ್ರಾರಂಭಿಸಲಿ.